ಪುಟ್ಟತಾಯಮ್ಮನ ಹಿಡಿ ಉಪ್ಪು

ನನ್ನ ಅತ್ತೆ ಪುಟ್ಟತಾಯಮ್ಮ ಐವತ್ತು ವರ್ಷದಿಂದ ಸಾರಿಗೆ ಉಪ್ಪು ಹಾಕುವುದು ಹಿಡಿಯ ಲೆಕ್ಕದಲ್ಲೇ. ಚಮಚ ಕೊಟ್ಟರೆ, "ಇದೇನವ್ವ, ಔಸ್ದಿ ಕುಡ್ಸೋ ಅಂಗೆ" ಎಂದು ಪಕ್ಕಕ್ಕಿಡುತ್ತಾರೆ. ದಂಡಿಗನಹಳ್ಳಿ ಕಡೆಯಿಂದ ಹದಿನೇಳಕ್ಕೆ ಮದುವೆಯಾಗಿ ಬಾಗೂರಿನ ಪಕ್ಕದ ನಮ್ಮೂರಿಗೆ ಬಂದವರು. ಅಕ್ಷರ ಬಾರದು. ಆದರೆ ಊರಲ್ಲಿ ಯಾರ ಮನೆಯ ಬೀಗರೂಟವಾದರೂ ಕೊನೆಗೆ ಇವರನ್ನೇ ಕರೆದು, "ಉಪ್ಪು ನಿಮ್ ಕೈಯಲ್ಲೇ ಬೀಳ್ಲಿ" ಅನ್ನುತ್ತಿದ್ದರು. ಅದರ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ? ನನ್ನ ಸಾರನ್ನು ಹತ್ತು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿದೆ ಅಂದವರಲ್ಲ.

ಎರಡು ವರ್ಷದ ಹಿಂದೆ ನಾಲೆ ಬಯಲಿನ ನಮ್ಮ ಭತ್ತದ ಪೈರು ನಾಟಿಯಾಗಿ ತಿಂಗಳೊಳಗೆ ತುಕ್ಕು ಹಿಡಿದಂತೆ ಕಂದುಬಣ್ಣಕ್ಕೆ ತಿರುಗಿತು. ಮಣ್ಣಲ್ಲಿ ಜಿಂಕ್ ಕಮ್ಮಿ ಅಂತ ತಿಳಿದವರು ಹೇಳಿದರು. ಮಾವ ರಂಗಸ್ವಾಮಿ ಜಿಂಕ್ ಸಲ್ಫೇಟ್ ತಂದು ಎರಚಿದರು. ಹದಿನೈದು ದಿನದಲ್ಲಿ ಗದ್ದೆ ಹಸಿರಾಯಿತು. ಮಾವನ ಖುಷಿ ಕೇಳಬೇಡಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಪೈರು ತೋರಿಸಿದ್ದೇ ತೋರಿಸಿದ್ದು.

ಎರಡು ಕೆಜಿ ಮಿಕ್ಕಿತ್ತು. ಚೀಲ ಹರಿದಿತ್ತು, ಮಳೆಗಾಲದ ತೇವಕ್ಕೆ ಬಿಳಿ ಹರಳು ಒಸರುತ್ತಿತ್ತು. ಪಿಯುಸಿ ಓದಿದ ಈ ಜಾಣೆ ಏನು ಮಾಡಿದಳು ಗೊತ್ತೇ? ಬಿಗಿ ಮುಚ್ಚಳವಿದೆಯಲ್ಲ ಅಂತ, ಖಾಲಿಯಾಗಿದ್ದ ಉಪ್ಪಿನ ಡಬ್ಬಕ್ಕೆ ಅದನ್ನು ಸುರಿದು ಉಗ್ರಾಣದಲ್ಲಿಟ್ಟಳು. ನೋಡಿದರೆ ಥೇಟ್ ಕಲ್ಲುಪ್ಪು. ಆಮೇಲೆ ಹೆಸರು ಬರೆದು ಅಂಟಿಸೋಣ ಅಂದುಕೊಂಡವಳು ಮರೆತೇಬಿಟ್ಟೆ.

ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ತನಕ ಅಡುಗೆಯ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಅವತ್ತು ಅಡುಗೆಮನೆಯ ಉಪ್ಪು ತೀರಿತ್ತು. ನಾನು ಹಿತ್ತಿಲಲ್ಲಿ ವಡೆ ಬೇಯಿಸುತ್ತಿದ್ದೆ. ಪೊರೆ ಬಂದ ಕಣ್ಣಿನ ಅತ್ತೆ ಉಗ್ರಾಣದಿಂದ ಡಬ್ಬ ತಂದು, ಬಾಡಿನ ಸಾರಿಗೆ ಎರಡು ಹಿಡಿ ಹಾಕಿದರು.

ಎಡೆಯ ಎಲೆಯನ್ನು ಮೊದಲು ಉಣ್ಣುವುದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು. ಅಂದರೆ ನನ್ನ ಮಗಳು ಸ್ಪಂದನಾ, ಆರು ವರ್ಷ. ಎರಡು ತುತ್ತಿಗೆ ಮುಖ ಕಿವಿಚಿದಳು.

"ಅಜ್ಜಿ, ಒಗರು. ಬಾಯೆಲ್ಲಾ ಒಂಥರಾ ಆಯ್ತದೆ."

"ಎಡೆ ಊಟಕ್ಕೆ ಎಸ್ರಿಡಬಾರ್ದು ಕಣಮ್ಮಿ, ಇರೀಕ್ರು ಮುನಿಸ್ಕೊತಾರೆ. ನುಂಗು."

ಮಗು ನುಂಗಿತು. ಅತ್ತೆ ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟರು.

ಹತ್ತು ನಿಮಿಷ ಆಗಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. "ಇರೀಕ್ರಿಗೆ ಏನೋ ಕ್ವಾಪ ಬಂದದೆ" ಎಂದು ಪಕ್ಕದ ಮನೆಯ ದೊಡ್ಡತಾಯಮ್ಮ ಬೂದಿ ಹಚ್ಚಿದಳು. ನಿಂಬೆಹಣ್ಣಿಗೆಂದು ಅಡುಗೆಮನೆಗೆ ಓಡಿದ ನಾನು ಒಲೆಯ ಪಕ್ಕ ಆ ಡಬ್ಬ ಕಂಡೆ, ಮುಚ್ಚಳ ತೆಗೆದಿತ್ತು. ಅಯ್ಯೋ ದೇವರೇ! ಹೊರಗೆ ನೆಂಟರು ಎಲೆ ಹಾಕಿಕೊಂಡು ಕೂತಿದ್ದರು. ಸಾರಿನ ಪಾತ್ರೆಯನ್ನು ಕಾಲಿನಿಂದ ಒದ್ದು ಚೆಲ್ಲಿದೆ, ಕಾಲು ಜಾರಿತು ಅಂದೆ. ಅಷ್ಟೇ ಅಂದೆ. ಡಬ್ಬದ ಮಾತು ಬಾಯಿಂದ ಹೊರಡಲಿಲ್ಲ. ಹೆತ್ತವಳೇ ವಿಷ ತುಂಬಿಟ್ಟಳು ಅನ್ನುತ್ತಾರಲ್ಲ ಎಂಬ ಭಯ. ಥೂ ನನ್ನ ಜನ್ಮಕ್ಕೆ!

ಚನ್ನರಾಯಪಟ್ಟಣದ ಆಸ್ಪತ್ರೆ ಮುಟ್ಟುವವರೆಗೂ ಗಂಡ ಸಂಜಯ್ ಕಾರು ಓಡಿಸುತ್ತಾ, "ಏನ್ ತಿಂದ್ಲು? ಏನ್ ತಿಂದ್ಲು?" ಅನ್ನುತ್ತಲೇ ಇದ್ದರು. ನನ್ನ ತೊಡೆಯ ಮೇಲೆ ಮಗು ಬಾಡಿದ ಸೊಪ್ಪಿನಂತೆ ಬಿದ್ದಿತ್ತು. ಡಾಕ್ಟರೂ ಅದನ್ನೇ ಕೇಳಿದರು.

"ಎಡೆ ಊಟ ಸಾ, ಅಷ್ಟೇಯ" ಎಂದು ಜೊತೆಗೆ ಬಂದಿದ್ದ ಅತ್ತೆ ಕೈಮುಗಿದರು.

"ಮಾಂಸ ಕೆಟ್ಟಿತ್ತೇನೋ" ಅಂದರು ಡಾಕ್ಟರು. ಆಗ ಮತ್ತೆ ವಾಂತಿಯಾಯಿತು. ಈ ಸಲ ಅದರಲ್ಲಿ ರಕ್ತದ ಎಳೆಯಿತ್ತು.

"ಜಿಂಕು! ಗದ್ದೆಗೆ ಹಾಕೋ ಜಿಂಕು ಸಾ!" ಎಂದು ಕಿರುಚಿದೆ.

"ಇಷ್ಟೊತ್ತು ಏನಾಗಿತ್ತಮ್ಮ ನಿಮ್ಮ ಬಾಯಿಗೆ?" ಡಾಕ್ಟರು ಉರಿದುಬಿದ್ದರು. "ಭೇದಿಯಾದ ಮಕ್ಕಳಿಗೆ ನಾವೇ ಜಿಂಕ್ ಮಾತ್ರೆ ಕೊಡ್ತೀವಿ. ಮೈಗೆ ಚೂರು ಬೇಕು. ಹೆಚ್ಚಾದ್ರೆ ಹೊಟ್ಟೆ ಒಳಗೇ ಸುಡುತ್ತೆ." ಡ್ರಿಪ್ ಹಾಕಿ ಹಾಸನಕ್ಕೆ ಕಳಿಸಿದರು.

ಹಾಸನದಲ್ಲಿ ಮೂರು ದಿನ. ಮಗು ಉಸಿರಾಡುತ್ತಿದೆಯೇ ಅಂತ ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳಿಡುತ್ತಿದ್ದೆ. ನೋಡಲು ಬಂದವರಿಗೆಲ್ಲ ಅತ್ತೆ ಒಂದೇ ಮಾತು ಹೇಳಿದರು: "ನಂದೇ ತಪ್ಪು. ಕಣ್ಣು ಮಂಜು." ಡಬ್ಬ ತುಂಬಿದ್ದು ಯಾರು ಅಂತ ಒಬ್ಬರಿಗೂ ಹೇಳಲಿಲ್ಲ.

ಮಗು ಉಳಿಯಿತು. ಮನೆಗೆ ಬಂದ ದಿನ ನಾನೇ ಅವರ ಕಾಲ ಬಳಿ ಕೂತೆ. "ಅತ್ತೆ, ಆ ಡಬ್ಬ..."

"ಗೊತ್ತು ಕಣವ್ವ. ನಿಂಗೆ ಗೊತ್ತಿರ್ನಿಲ್ಲ, ನಾನು ಅದನ್ನ ತಗೀತೀನಿ ಅಂತ. ಮಗು ಬಾಯಿ ಬುಟ್ಟು ಏಳ್ತಲ್ಲ, ಒಗರು ಅಂತ. ನುಂಗು ಅಂದೋಳು ನಾನು." ಅವರು ಸೆರಗು ಬಾಯಿಗೊತ್ತಿ ಅತ್ತರು. ಬೀಗರೂಟಗಳಿಗೆ ಉಪ್ಪು ಹಾಕಲು ಆಮೇಲೆ ಅವರು ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ.

ಹೋದ ವರ್ಷದ ಪಕ್ಷಕ್ಕೆ ಸಾರು ಇಳಿಸುತ್ತಿದ್ದಂತೆ ಅತ್ತೆ ಒಂದು ಸೌಟು ಬಗ್ಗಿಸಿಕೊಂಡರು. ಮಾವ, "ಏಯ್, ಎಡೆ ಆಗಿಲ್ಲ ಕಣೇ!" ಎಂದು ಕೂಗಿದರು.

"ಇರೀಕ್ರು ಕಾಯ್ಲಿ" ಎಂದು ಅತ್ತೆ ಅಷ್ಟನ್ನೂ ಕುಡಿದು ಗೋಡೆಗೊರಗಿ ಕೂತರು. ಅರ್ಧ ಗಂಟೆ ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಆಮೇಲೆ ಎಡೆಯಾಯಿತು, ಸ್ಪಂದನಾ ಎಲೆಯ ಮುಂದೆ ಕೂತಳು. ತುತ್ತು ಬಾಯಲ್ಲಿಟ್ಟುಕೊಂಡು ಅಜ್ಜಿಯನ್ನೇ ನೋಡಿದಳು.

"ನುಂಗ್ಲಾ ಅಜ್ಜಿ?"

"ಒಗರಾದ್ರೆ ಉಗ್ದುಬುಡು ಕಣಮ್ಮಿ" ಅಂದರು ಅತ್ತೆ. ಮಗುವಿನ ಬಾಯಿಯ ಕೆಳಗೆ ತಮ್ಮ ಬೊಗಸೆ ಒಡ್ಡಿ ಕೂತರು.