ಒಂದೇ ರಾತ್ರಿಯಲ್ಲಿ ಬೆಳೆದ ಮೆಂತ್ಯ

ಎರಡನೇ ಕ್ಲಾಸಿನ ಮಕ್ಕಳಿಗೆ ಕಾಗದದ ಲೋಟದಲ್ಲಿ ಮೆಂತ್ಯ ಬಿತ್ತಲು ಹೇಳಿದ್ದೆ. ಒಂದೊಂದು ಕಾಳು ಒಂದೊಂದು ದಿನ ಮೊಳೆಯುತ್ತೆ, ಮಕ್ಕಳೂ ಹಾಗೇ ಅಂತ ಅಪ್ಪ ಅಮ್ಮಂದಿರಿಗೆ ತೋರಿಸುವ ಆಸೆ ನನಗೆ.

ಸಿಂಚನಾಳ ಲೋಟ ಮಾತ್ರ ಬೋಳಾಗಿತ್ತು. ಅವಳಪ್ಪ ನಮ್ಮ ಮಂಡ್ಯ ಕಡೆಯವರು, ಈ ತಮಿಳು ಸೀಮೆಯ ಶೋಳಿಂಗನಲ್ಲೂರಿನಲ್ಲಿ ಕೆಲಸ.

"ಮೇಡಂ, ನಮ್ಮದ್ಯಾಕೆ ಹಿಂದೆ ಬಿದ್ದಿದೆ?" ಅಂತ ಗೇಟಿನಲ್ಲೇ ಹಿಡಿದರು.

"ಬರುತ್ತೆ ಬಿಡಿ ಸಾರ್" ಅಂದೆ.

ಮಾರನೇ ಬೆಳಗ್ಗೆ ಅವರು ತಂದ ಹೊಸ ಲೋಟದಲ್ಲಿ ಗೇಣುದ್ದದ ಮೆಂತ್ಯ ಸೊಪ್ಪು! ಕಟ್ಟಿದ ಬಾಳೆನಾರು ಕೂಡ ಹಾಗೇ ಇತ್ತು.

"ಒಂದೇ ರಾತ್ರಿಗಾ ಸಾರ್?"

"ನಿನ್ನೆ ಸ್ವಲ್ಪ ಜಾಸ್ತಿ ಗಮನ ಕೊಟ್ವಿ ಮೇಡಂ."

"ಈ ನಾರು?"

"ಸಪೋರ್ಟಿಗೆ."

"ಅಪ್ಪಾ ಕೋಯಂಬೇಡುಲ ವಾಂಗಿನಾರು ಮಿಸ್" ಎಂದು ಸಿಂಚನಾ ತಮಿಳಿನಲ್ಲಿ, ಅಪ್ಪ ಕೋಯಂಬೇಡು ತರಕಾರಿ ಮಾರ್ಕೆಟ್ಟಿನಲ್ಲಿ ಕೊಂಡದ್ದನ್ನು ಖುಷಿಯಾಗಿ ಒಪ್ಪಿಸಿಬಿಟ್ಟಳು. ಆಮೇಲೆ ಬ್ಯಾಗಿನಿಂದ ತನ್ನ ಹಳೇ ಲೋಟ ತೆಗೆದಳು. ಅದರಲ್ಲಿ ಎರಡೇ ಎರಡು ಎಲೆ, ಕಾಳಿನ ಸಿಪ್ಪೆಯನ್ನು ಟೋಪಿಯ ಹಾಗೆ ಹಾಕಿಕೊಂಡು ನಿಂತಿದ್ದವು. ನನಗೆ ಕುಣಿಯುವ ಹಾಗಾಯಿತು.

ಆದರೆ ಗೇಟಿನಲ್ಲಿದ್ದ ಬೇರೆ ಅಮ್ಮಂದಿರು ಸಿಂಚನಾಳ ಅಪ್ಪ ತಂದ ಸೊಪ್ಪನ್ನು ನೋಡಿಬಿಟ್ಟಿದ್ದರು. ಮರುದಿನ ನನ್ನ ಕ್ಲಾಸೇ ಕೋಯಂಬೇಡು. ಮಕ್ಕಳ ಮೊಳಕೆಗಳೆಲ್ಲ ಮಾಯವಾಗಿ ಲೋಟ ಲೋಟದಲ್ಲೂ ಸೊಪ್ಪಿನ ಕಟ್ಟು. ಒಬ್ಬನದಂತೂ, ಬಿತ್ತಿದ್ದು ಮೆಂತ್ಯ, ಬಿಟ್ಟಿದ್ದು ಬದನೆಕಾಯಿ! ಸಿಂಚನಾಳ ಎರಡು ಎಲೆ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವು.

ಹೆಡ್ ಮಿಸ್ ಬಂದು ಎಲ್ಲರಿಗೂ ಚಪ್ಪಾಳೆ ತಟ್ಟಿಸಿದರು. ಹೊರಡುವಾಗ ಆ ಎರಡು ಎಲೆಯ ಹತ್ತಿರ ಬಗ್ಗಿ ನೋಡಿ, ನನ್ನ ಕಿವಿಯಲ್ಲಿ ಕನಿಕರದಿಂದ ಹೇಳಿದರು: "ಈ ಮಗು ಹಿಂದಿದೆ. ಸ್ವಲ್ಪ ಗಮನ ಕೊಡಿ."

ಕೊಡ್ತೀನಿ ಅಂದೆ. ಮುಂದಿದ್ದ ಮಕ್ಕಳ ಬೆಳವಣಿಗೆಯನ್ನೆಲ್ಲ ಸಂಜೆ ಮನೆಗೆ ಒಯ್ದು ಮೆಂತ್ಯ ಬಾತ್ ಮಾಡಿದೆ.