ಶಾಕವ್ರತದ ತಿಂಗಳಲ್ಲಿ ಬೆಳ್ಳುಳ್ಳಿ ವಾಸನೆ

ಬೆಳಗಿನ ಆರು ಗಂಟೆ. ಶಾಕವ್ರತದ ತಿಂಗಳು. ನಮ್ಮ ಓಣಿಯಲ್ಲಿ ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಾರೆ!

ಆಂಧ್ರದ ಆದೋನಿಯ ಗುಡ್ಡದ ಕೆಳಗಿನ ನಮ್ಮ ಓಣಿ ಎಂಥದ್ದೆಂದು ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹದಿನಾಲ್ಕು ಮನೆ, ಹದಿನಾಲ್ಕೂ ವೈಷ್ಣವರವು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಮ್ಮ ಒಲೆ ಕಂಡಿಲ್ಲ. ಅದರಲ್ಲೂ ಚಾತುರ್ಮಾಸದ ಮೊದಲ ತಿಂಗಳೆಂದರೆ ತರಕಾರಿಯೂ ಬಂದ್. ಹೆಸರುಬೇಳೆ, ಮಾವಿನಕಾಯಿ ಪುಡಿ, ಮೆಣಸು, ಇಷ್ಟರಲ್ಲೇ ಮೂವತ್ತು ದಿನ ದೂಡಬೇಕು. (ಓಣಿಯ ಹುಡುಗರು ಬಸ್ ಸ್ಟ್ಯಾಂಡ್ ಹತ್ತಿರ ಏನು ತಿಂದು ಬರುತ್ತಾರೆ ಅಂತ ನಾನು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ.) ಹೀಗೆ ಬಾಯಿ ಕಟ್ಟಿಕೊಂಡು ಕೂತವರ ಮೂಗು ಎಷ್ಟು ಚುರುಕಾಗುತ್ತದೆ ಅನ್ನುವುದು ವ್ರತ ಹಿಡಿದವರಿಗೇ ಗೊತ್ತು.

ನನ್ನ ಮೂಗಂತೂ ಮೊದಲಿನಿಂದ ಚುರುಕು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವಳು ನಾನು. ಪರೀಕ್ಷೆಯಲ್ಲಿ ಯಾವ ಹುಡುಗಿ ಚೀಟಿ ಎಲ್ಲಿ ಮುಚ್ಚಿಟ್ಟಿದ್ದಾಳೆ ಅಂತ ಮುಖ ನೋಡಿಯೇ ಹೇಳುತ್ತಿದ್ದೆ. ರಿಟೈರ್ ಆಗಿ ಎರಡು ವರ್ಷವಾಯಿತು. ಚಟ ಹೋಗಿಲ್ಲ.

ಮೊದಲು ಸಿಲಿಂಡರ್ ನೋಡಿದೆ. ಅಷ್ಟು ಬುದ್ಧಿ ನನಗೂ ಇದೆ. ರೆಗ್ಯುಲೇಟರ್ ಸರಿಯಾಗಿತ್ತು. ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಬರಲಿಲ್ಲ. ಎದುರುಮನೆಯ ಪದ್ಮಾಬಾಯಿಯೂ ತನ್ನ ಸಿಲಿಂಡರ್ ನೋಡಿಕೊಂಡಳು. ಅಲ್ಲೂ ಏನಿಲ್ಲ. ವಾಸನೆ ಮಾತ್ರ ಬಂದು ಬಂದು ಹೋಗುತ್ತಿತ್ತು. ಹತ್ತು ನಿಮಿಷ ಇದೆ, ಆಮೇಲೆ ಇಲ್ಲ. ನಮ್ಮ ಹಿತ್ತಲ ಕಡೆ ಜಾಸ್ತಿ.

ಹಿತ್ತಲ ಕಡೆ ಯಾರಿದ್ದಾರೆ? ಸುಜಾತ ಇದ್ದಾಳೆ.

ಸುಜಾತ ನಮ್ಮ ಹಿಂದಿನ ಪೋರ್ಷನ್ನಿನ ಬಾಡಿಗೆಯವಳು. ಚಿಪ್ಪಗಿರಿ ಕಡೆಯ ಹುಡುಗಿ, ಇಲ್ಲಿನ ಪ್ರೈವೇಟ್ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಂಡನಿಗೆ ಗುಂತಕಲ್ಲಿನಲ್ಲಿ ಕೆಲಸ, ಭಾನುವಾರ ಬಂದು ಹೋಗುತ್ತಾನೆ. ನಾಲ್ಕು ವರ್ಷದ ಮಗಳು ಚಿನ್ನಿ. ನಮ್ಮ ಪೈಕಿಯವರಲ್ಲ. ಹಾಗಾಗಿ ಮನೆ ಕೊಡುವಾಗಲೇ ಹೇಳಿದ್ದೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ನಡೆಯುವುದಿಲ್ಲ ಅಂತ. "ಆತು ಬಿಡ್ರಿ ಅಮ್ಮಾ, ಆಸೆ ಆದ್ರ ಆಸ್ಪತ್ರಿ ಕ್ಯಾಂಟೀನಿನ್ಯಾಗ ತಿಂತೀನಿ" ಎಂದು ನಕ್ಕಿದ್ದಳು. ಎಂಟು ತಿಂಗಳು ಮಾತು ತಪ್ಪಿರಲಿಲ್ಲ. ತಪ್ಪಿಲ್ಲ ಅಂತ ನಾನು ಅಂದುಕೊಂಡಿದ್ದೆ.

"ನಿಮ್ಮ ಹಿತ್ತಲದಾಗಿಂದನ ಬರಲಿಕತ್ತದ ನೋಡ್ರಿ ಟೀಚರ್" ಅಂದಳು ಪದ್ಮಾಬಾಯಿ. "ನಾ ಏನೂ ಅನ್ನಂಗಿಲ್ಲ. ಪಾಪ, ಸಣ್ಣ ಹುಡುಗಿ. ನೀವ ತಿಳಕೊಳ್ರಿ."

ಏನೂ ಅನ್ನುವುದಿಲ್ಲ ಅನ್ನುವವರು ಎಲ್ಲವನ್ನೂ ಅಂದು ಮುಗಿಸಿರುತ್ತಾರೆ, ಅಲ್ಲವೇ?

ನಾಚಿಕೆ ಬಿಟ್ಟು ಹೇಳುತ್ತೇನೆ. ಮರುದಿನ ಕಸದ ಗಾಡಿ ಬರುವ ಮೊದಲು ಸುಜಾತಳ ಕಸದ ಬುಟ್ಟಿಯನ್ನು ಕಡ್ಡಿಯಿಂದ ಕೆದಕಿದೆ. ಬೆಳ್ಳುಳ್ಳಿ ಸಿಪ್ಪೆ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅನುಮಾನ ಕಡಿಮೆಯಾಗಬೇಕಿತ್ತು. ಆದರೆ ನನಗೆ ಇನ್ನೂ ಜಾಸ್ತಿಯಾಯಿತು. ಇಷ್ಟು ಚೊಕ್ಕಟವಾಗಿ ಮುಚ್ಚಿಡಬೇಕಾದರೆ ಇವಳು ಎಂಥ ಕಿಲಾಡಿ ಇರಬೇಕು!

"ಈಗ ಪೇಸ್ಟ್ ಸಿಗ್ತದ. ಸಿಪ್ಪಿ ಎಲ್ಲಿಂದ ಬರಬೇಕು?" ಎಂದರು ನಮ್ಮ ಮನೆಯವರು, ಓದುತ್ತಿದ್ದ ಪೇಪರ್ ಕೆಳಗಿಳಿಸದೆಯೇ. ನಲವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮಾತಿಗೆ ಇಷ್ಟು ಬೇಗ ಒಪ್ಪಿಕೊಂಡದ್ದು ಅದೇ ಮೊದಲು.

ಅವತ್ತು ಸಂಜೆ ಸುಜಾತ ತಾನಾಗಿಯೇ ಬಂದಳು.

"ಅಮ್ಮಾ, ನಮ್ಮ ರೂಮಿನ್ಯಾಗ ಏನೋ ವಾಸನಿ ಬರ್ತೈತ್ರಿ. ಚಿನ್ನಿ ತಲಿನೋವು ಅಂತ ಅಳ್ತಾಳ. ನಿನ್ನಿ ಎರಡು ಸಾರಿ ವಾಂತಿ ಮಾಡ್ಕೊಂಡ್ಲು."

ನೀವು ನನ್ನ ಜಾಗದಲ್ಲಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ? "ಮಿಸ್, ಯಾರೋ ಕಾಪಿ ಹೊಡೀತಿದಾರೆ" ಅಂತ ಮೊದಲು ಎದ್ದು ನಿಲ್ಲುವ ಹುಡುಗಿಯ ಡೆಸ್ಕನ್ನೇ ನಾನು ಮೊದಲು ತಡಕುತ್ತಿದ್ದೆ.

"ಎಂಥಾ ವಾಸನಿ?" ಅಂದೆ.

"ಬಳ್ಳೊಳ್ಳಿ ಇದ್ದಂಗ ಐತ್ರಿ. ಕೊಳತ ಬಳ್ಳೊಳ್ಳಿ."

ನೋಡಿ, ತಾನೇ ಬಾಯಿಬಿಟ್ಟಳು! "ಬಳ್ಳೊಳ್ಳಿ ವಾಸನಿ ನಮಗಿಂತ ನಿನಗ ಛಲೋ ಗೊತ್ತಿರ್ತದಲ್ಲವಾ" ಅಂದೆ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಮುಖ ಸಣ್ಣದಾಯಿತು.

"ನಾ ಮಾಡಿಲ್ರಿ ಅಮ್ಮಾ. ದೇವುಡಿ ಮೀದ ಒಟ್ಟು" ಎಂದು ತೆಲುಗಿನಲ್ಲಿ ದೇವರ ಆಣೆ ಇಟ್ಟಳು. ಆಮೇಲೆ ಮೆಲ್ಲಗೆ, "ಓಣ್ಯಾಗ ಹಳದಿ ಪೈಪು ಹಾಕ್ಯಾರಲ್ರಿ, ಅದರದೇನಾರ..." ಎಂದು ಶುರುಮಾಡಿದಳು.

"ಅದು ಖಾಲಿ ಪೈಪು" ಎಂದು ನಾನು ಅಲ್ಲಿಗೇ ತುಂಡು ಮಾಡಿದೆ.

ಖಾಲಿ ಪೈಪಿನ ಕಥೆ ಇಷ್ಟು. ಬೇಸಿಗೆಯಲ್ಲಿ ಗ್ಯಾಸ್ ಕಂಪನಿಯವರು ಓಣಿಯುದ್ದಕ್ಕೂ ಅಗೆದು, ಹಳದಿ ಪೈಪು ಹೂತು, ಮೇಲೆ ಸಿಮೆಂಟ್ ಬಳಿದು ಹೋಗಿದ್ದರು. ನಮ್ಮ ಹದಿನಾಲ್ಕು ಮನೆಗಳಲ್ಲಿ ಒಂದಕ್ಕೂ ಕನೆಕ್ಷನ್ ಕೊಟ್ಟಿರಲಿಲ್ಲ. ಕನೆಕ್ಷನ್ ಇಲ್ಲದ ಪೈಪಿನಲ್ಲಿ ಗ್ಯಾಸ್ ಎಲ್ಲಿಂದ ಬರಬೇಕು? ಇಡೀ ಓಣಿಯ ಲೆಕ್ಕ ಇದೇ. ಲೆಕ್ಕದ ಟೀಚರ್ ಲೆಕ್ಕವೂ ಇದೇ.

ಶುಕ್ರವಾರ ಬೆಳಿಗ್ಗೆ ವಾಸನೆ ಜೋರಾಯಿತು. ದೇವರ ಮುಂದೆ ಕೂರಲಾಗಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಧೂಪದ ಬಟ್ಟಲಿಗೆ ನಿಗಿನಿಗಿ ಕೆಂಡ ತುಂಬಿದೆ, ಮೇಲೆ ಒಂದು ಹಿಡಿ ಸಾಂಬ್ರಾಣಿ ಉದುರಿಸಿದೆ. ಮನೆಗೆಲ್ಲ ಧೂಪ ಹಾಕುತ್ತಾ ಹಿಂದಿನ ಪೋರ್ಷನ್ನಿಗೂ ಹೋಗುವುದು, ಹಾಗೇ ಅಡುಗೆಮನೆಯನ್ನೊಮ್ಮೆ ನೋಡಿಬಿಡುವುದು. ಶುಕ್ರವಾರದ ಧೂಪಕ್ಕೆ ಯಾರು ಬೇಡ ಅನ್ನುತ್ತಾರೆ?

ಸುಜಾತ ಅಂದಳು. ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಅಡ್ಡ ನಿಂತಳು.

"ಅಮ್ಮಾ, ಬೆಂಕಿ ಒಳಗ ತರಬ್ಯಾಡ್ರಿ."

"ಬೆಂಕಿ ಅಲ್ಲವಾ ಇದು, ಧೂಪ."

"ಕೆಂಡ ಐತಲ್ರಿ ಅದರಾಗ. ಬ್ಯಾಡ. ಕಿಟಕಿ ತೆಗದಿಟ್ಟೀನಿ, ಪೈಪಿನವರಿಗೆ ಫೋನ್ ಮಾಡೀನಿ, ಬರ್ತಾರ. ಅಲ್ಲೀತನಕ ಬ್ಯಾಡ್ರಿ."

"ಇದು ನನ್ನ ಮನಿ!"

"ಮನಿ ನಿಮ್ದೇ ಅಮ್ಮಾ. ಒಳಗ ನನ್ನ ಕೂಸು ಮಲಗೈತಿ."

ನನ್ನ ಮನೆಯ ಬಾಗಿಲಲ್ಲಿ, ಮಡಿ ಉಟ್ಟುಕೊಂಡು ಧೂಪ ಹಿಡಿದ ನನ್ನನ್ನು, ನನ್ನ ಬಾಡಿಗೆಯವಳು ತಡೆಯುತ್ತಿದ್ದಾಳೆ. ಪದ್ಮಾಬಾಯಿ ತನ್ನ ಕಟ್ಟೆಯ ಮೇಲಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಬೆಳ್ಳುಳ್ಳಿ ಇರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಏನ್ ಮುಚ್ಚಿಟ್ಟೀ ಒಳಗ?" ಅಂದೆ. ಅವಳು ಚೌಕಟ್ಟಿನ ಮೇಲಿನ ಕೈ ಇಳಿಸಲಿಲ್ಲ.

"ತಿಂಗಳ ಕೊನಿಗೆ ಮನಿ ಖಾಲಿ ಮಾಡು."

"ಮಾಡ್ತೀನ್ರಿ" ಅಂದಳು. "ಈಗ ಮಾತ್ರ ಒಳಗ ಬರಬ್ಯಾಡ್ರಿ."

ನಾನು ಧೂಪದ ಬಟ್ಟಲು ತಂದು ಮುಂಬಾಗಿಲ ಮೆಟ್ಟಿಲ ಮೇಲೆ ಕುಕ್ಕಿದೆ. "ಛಲೋ ಮಾಡಿದ್ರಿ ಟೀಚರ್" ಎಂದಳು ಪದ್ಮಾಬಾಯಿ. ಛಲೋ ಮಾಡಿದೆ ಅಂತಲೇ ನನಗೂ ಅನ್ನಿಸಿತ್ತು.

ಅರ್ಧ ಗಂಟೆಗೆ ಗ್ಯಾಸ್ ಕಂಪನಿಯವನು ಬೈಕಿನಲ್ಲಿ ಬಂದ. ಕಿತ್ತಳೆ ಬಣ್ಣದ ಜಾಕೆಟ್ಟು, ಕೈಯಲ್ಲೊಂದು ಮೀಟರು. ಅವರ ನಂಬರ್ ಸುಜಾತಳಿಗೆ ಸಿಕ್ಕಿದ್ದು ಪೇಪರಿನ ಜೊತೆ ಹಂಚಿದ್ದ ಪಾಂಪ್ಲೆಟ್ಟಿನಲ್ಲಂತೆ. ವಾಸನೆ ಬಂದರೆ ಬೆಂಕಿ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂದು ದಪ್ಪ ದಪ್ಪ ತೆಲುಗು ಅಕ್ಷರದಲ್ಲಿ ಬರೆದಿತ್ತು. ನಮ್ಮ ಮನೆಗೂ ಅದು ಬಂದಿತ್ತು. ಉಪ್ಪಿನಕಾಯಿ ಭರಣಿಯ ಕೆಳಗೆ ಎಣ್ಣೆ ಕುಡಿಯುತ್ತಾ ಬಿದ್ದಿತ್ತು.

ಅವನು ಮೀಟರನ್ನು ನೆಲಕ್ಕೆ ಹಿಡಿದು ಓಣಿಯ ತುದಿಯಿಂದ ನಡೆದ. ಮೀಟರ್ ಸುಮ್ಮನಿತ್ತು. ಪದ್ಮಾಬಾಯಿ ಮನೆ ಮುಂದೆ ಪೀಂ ಪೀಂ ಎಂದು ಶುರುವಾಯಿತು. ನಮ್ಮ ಹಿತ್ತಲ ಗೋಡೆಯ ಬುಡದಲ್ಲಿ, ಹಳೇ ಚರಂಡಿ ಹಾದುಹೋಗುವ ಕಡೆ ಹಿಡಿದಾಗ ಒಂದೇ ಸಮ ಕಿರುಚತೊಡಗಿತು. ಅವನ ಮುಖ ಬದಲಾದದ್ದನ್ನು ನಾನು ನೋಡಿದೆ.

"ಎಲ್ಲಾರೂ ಹೊರಗ ಬರ್ರಿ! ಸ್ವಿಚ್ ಮುಟ್ಟಬ್ಯಾಡ್ರಿ! ಯಾರೂ ಒಲಿ ಹಚ್ಚಬ್ಯಾಡ್ರಿ!"

ಸುಜಾತ ನಿದ್ದೆಗಣ್ಣಿನ ಚಿನ್ನಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಅವನು ಓಣಿಯ ಮೂಲೆಗೆ ಓಡಿಹೋಗಿ ವಾಲ್ವ್ ಬಂದ್ ಮಾಡಿ ಬಂದ. ಬಂದವನ ಕಣ್ಣಿಗೆ ನಮ್ಮ ಮೆಟ್ಟಿಲ ಮೇಲಿನ ಧೂಪದ ಬಟ್ಟಲು ಬಿತ್ತು. ಕೆಂಡ ಇನ್ನೂ ಕೆಂಪಗಿತ್ತು.

"ಇದನ್ನ ಹಿಂದಿನ ರೂಮಿಗೆ ಒಯ್ದಿದ್ರೇನ್ರಿ ಮೇಡಂ?"

"ಇಲ್ಲ. ಆಕಿ ಬಿಡಲಿಲ್ಲ" ಅಂದೆ.

ಅವನು ನನ್ನನ್ನು ನೋಡಿದ. ಸುಜಾತಳನ್ನು ನೋಡಿದ. ತನ್ನ ಬಾಟಲಿಯ ನೀರನ್ನು ಕೆಂಡದ ಮೇಲೆ ಪೂರ್ತಿ ಸುರಿದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಮಧ್ಯಾಹ್ನ ಅಗೆದು ನೋಡಿದರೆ ಪೈಪಿನಲ್ಲಿ ಉಗುರಿನಷ್ಟು ಸೀಳು. ಹಿಂದಿನ ತಿಂಗಳು ಪದ್ಮಾಬಾಯಿ ಹೊಸ ನಲ್ಲಿ ಹಾಕಿಸಿದ್ದಳಲ್ಲ, ಆಗ ಕೆಲಸದವರ ಹಾರೆ ತಾಗಿದೆ. ಮೇಲೆ ಮಣ್ಣು ಮುಚ್ಚಿ ಹೋಗಿದ್ದಾರೆ. ಸೋರಿದ ಗ್ಯಾಸು ಹಳೇ ಚರಂಡಿಯ ಜಾಡು ಹಿಡಿದು ನಮ್ಮ ಹಿಂದಿನ ರೂಮಿನ ನೆಲಹಾಸು ಬಂಡೆಗಳ ಸಂದಿಯಿಂದ ಮೇಲೇಳುತ್ತಿತ್ತು.

ಖಾಲಿ ಪೈಪಿಗೆ ಗ್ಯಾಸ್ ಬಂದದ್ದು ಹೇಗೆ ಎಂದು ಆ ಕಂಪನಿಯವನನ್ನೇ ಕೇಳಿದೆ. "ನಿಮ್ಮ ಓಣಿಗೆ ಕನೆಕ್ಷನ್ ಇಲ್ರಿ. ಆದ್ರ ಆ ಕಡಿ ಕಾಲೋನಿಗೆ ಇದರಾಗಿಂದನೇ ಹೋಗ್ತೈತಿ. ಗ್ಯಾಸ್ ಬಿಟ್ಟು ಹದಿನೈದು ದಿನ ಆತು." ನಮಗೆ ಯಾರು ಹೇಳಿದರು? "ಪಾಂಪ್ಲೆಟ್ ಹಂಚೀವಲ್ರಿ!" ಗ್ಯಾಸ್ ಬಿಡುವ ಮೊದಲು ಪೈಪ್ ಟೆಸ್ಟ್ ಮಾಡಿದ್ದರಂತೆ. ಟೆಸ್ಟ್ ಆದಮೇಲೆ ಹಾರೆ ಬಿತ್ತೋ, ಹಾರೆ ಬಿದ್ದಮೇಲೆ ಟೆಸ್ಟ್ ಮಾಡಿದರೋ? ನಾನು ಕೇಳಿದೆ. ಅವನಿಗೆ ಅಷ್ಟರಲ್ಲಿ ಫೋನ್ ಬಂತು. (ಇಂಥ ಪ್ರಶ್ನೆ ಕೇಳಿದಾಗಲೆಲ್ಲ ಅವರಿಗೆ ಫೋನ್ ಬರುತ್ತದೆ, ಗಮನಿಸಿ.)

ಈ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವಂತೆ. ಸೋರಿದರೆ ಗೊತ್ತಾಗಲಿ ಅಂತ ಬೇಕೆಂದೇ ಕೆಟ್ಟ ವಾಸನೆ ಬೆರೆಸುತ್ತಾರಂತೆ. ಮಣ್ಣಿನೊಳಗಿಂದ ಬರುವಾಗ ಅದೂ ಸ್ವಲ್ಪ ಸಪ್ಪಗಾಗುತ್ತದಂತೆ. "ಬೆರಸಾಕ ನಿಮಗ ಬಳ್ಳೊಳ್ಳಿ ವಾಸನೀನ ಬೇಕಿತ್ತೇನು? ಮಲ್ಲಿಗಿ ವಾಸನಿ ಸಿಗಲಿಲ್ಲೇನು?" ಎಂದೆ.

"ಮಲ್ಲಿಗಿ ವಾಸನಿ ಬಂದ್ರ ಯಾರಾರ ಕಂಪ್ಲೇಂಟ್ ಮಾಡ್ತಾರೇನ್ರಿ ಮೇಡಂ?"

ಮಾತು ಸರಿಯೇ. ಆದರೆ ನಮ್ಮ ಓಣಿಯಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಕಂಪ್ಲೇಂಟು ಕಂಪನಿಗೆ ಹೋಗುವುದಿಲ್ಲ, ಬಾಡಿಗೆಯವರ ಮೇಲೆ ಹೋಗುತ್ತದೆ ಅನ್ನುವುದು ಆ ಕಂಪನಿಯವರಿಗೆ ಹೇಗೆ ಗೊತ್ತಾಗಬೇಕು?

ಪೈಪ್ ರಿಪೇರಿಯಾಯಿತು. ಮೀಟರ್ ಸೊನ್ನೆ ತೋರಿಸಿತು. ಓಣಿಯವರು ಸೊನ್ನೆಯನ್ನೂ ನಂಬುತ್ತಿಲ್ಲ. ಪದ್ಮಾಬಾಯಿ ದಿನಾ ಬೆಳಿಗ್ಗೆ ರಂಗೋಲಿ ಹಾಕುವ ಮೊದಲು ಬಗ್ಗಿ ಸಿಮೆಂಟ್ ಮೂಸುತ್ತಾಳೆ. ಕಂಪನಿಯವರು ಪೈಪನ್ನು ಆಳಕ್ಕೆ ಹೂಳದೆ ಮೇಲೆಯೇ ಹೂತಿದ್ದರು ಎಂದು ನಲ್ಲಿ ಹಾಕಿದವರು ಅನ್ನುತ್ತಾರೆ, ಕಂಪನಿಯವರು ಕೇಳದೆ ಯಾಕೆ ಅಗೆದಿರಿ ಅನ್ನುತ್ತಾರೆ. ಇಬ್ಬರಲ್ಲಿ ಯಾರನ್ನು ನಂಬುವುದು? ನಾನು ಇಬ್ಬರನ್ನೂ ನಂಬಿಲ್ಲ. ಆದರೆ ಇಷ್ಟೆಲ್ಲ ಚರ್ಚೆಯಲ್ಲಿ ಬೆಳ್ಳುಳ್ಳಿಯ ಸುದ್ದಿ ಯಾರೂ ಎತ್ತಲಿಲ್ಲ. ಸುಜಾತಳ ಹತ್ತಿರ ಹೋಗಿ ತಪ್ಪಾಯಿತು ಅಂತಲೂ ಯಾರೂ ಹೇಳಲಿಲ್ಲ.

ನಾನು ಹೇಳಿದೆ. ತಡವಾಗಿ ಹೇಳಿದೆ. "ಮನಿ ಬಿಡಬ್ಯಾಡ ಸುಜಾತಾ, ಇಲ್ಲೇ ಇರು" ಅಂದೆ. ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಬ್ಯಾಡ್ರಿ ಅಮ್ಮಾ. ಈ ವಾಸನಿ ಹೋತು. ನಾಳಿಗೆ ಇನ್ನೊಂದು ಬರ್ತೈತಿ."

ತಿಂಗಳು ಮುಗಿಯುವ ಮೊದಲೇ ಹೋದಳು. ರೈಲ್ವೆ ಲೈನಿನ ಆಚೆ ಒಂದು ಮನೆ ಸಿಕ್ಕಿದೆ. ಅವಳು ಹೋದ ಮೇಲೆ ಆ ಹಿಂದಿನ ರೂಮಿಗೆ ಕಾಲಿಡಲು ನನಗೆ ಹೆದರಿಕೆ. ಗ್ಯಾಸಿನ ಹೆದರಿಕೆ ಅಲ್ಲ. ಆ ಬಾಗಿಲಲ್ಲಿ ಎರಡು ಕೈ ಅಡ್ಡ ಇರದಿದ್ದರೆ ಆ ಮಗು ಏನಾಗುತ್ತಿತ್ತು ಎಂಬ ಯೋಚನೆ ಬಂದರೆ ಈಗಲೂ ಹೊಸ್ತಿಲಿಂದಲೇ ಹಿಂದಿರುಗುತ್ತೇನೆ. ಕೆಂಡ ಹಿಡಿದು ನಿಂತಿದ್ದವಳು ನಾನು. ಕಳ್ಳಿ ಅನ್ನಿಸಿಕೊಂಡವಳು ಅವಳು.

ಶಾಕವ್ರತ ಮುಗಿಯಿತು. ಕಳೆದ ಭಾನುವಾರ ಚಿನ್ನಿಗೊಂದು ಫ್ರಾಕು ತೆಗೆದುಕೊಂಡು ಅವಳ ಹೊಸ ಮನೆಗೆ ಹೋದೆ. ನಾನು ಹೊರಗೆ ಎಲ್ಲೂ ತಿನ್ನುವವಳಲ್ಲ, ನಿಮಗೆ ಗೊತ್ತು. ಬೀಗರ ಮನೆಯಲ್ಲೂ ಹಣ್ಣು ತಿಂದು ಬರುವವಳು. ಆದರೆ ಅವತ್ತು ಸುಜಾತ ಏನು ಕೊಟ್ಟರೂ ತಿಂದೇ ಬರಬೇಕು, ಕೇಳಬಾರದು, ನೋಡಬಾರದು ಎಂದು ಆಟೋದಲ್ಲಿ ಕೂತಾಗಲೇ ತೀರ್ಮಾನ ಮಾಡಿದ್ದೆ. ಬಾಯಲ್ಲಿ ಹೇಳಿದ ಕ್ಷಮೆ ಸಾಲದು ಅನ್ನಿಸಿತ್ತು.

ಅವಳು ಕೂರಿಸಿದಳು. ಚಿನ್ನಿ ಫ್ರಾಕು ಹಾಕಿಕೊಂಡು ಕುಣಿದಳು. ಗಂಡನೂ ಇದ್ದ, ನಕ್ಕು ಮಾತಾಡಿಸಿದ. ಯಾರೂ ಹಳೇ ಸುದ್ದಿ ತೆಗೆಯಲಿಲ್ಲ. ಸುಜಾತ ಮಂಡಕ್ಕಿಯ ಉಗ್ಗಾಣಿ ಮಾಡಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಬಿಸಿಬಿಸಿಯಾಗಿ ಕೈಗೆ ಕೊಟ್ಟಳು. ನಾನು ಪ್ಲೇಟು ಎತ್ತಿಕೊಂಡೆ. ಮನಸ್ಸು ತುಂಬಿ ಬಂತು, ಸುಳ್ಳು ಹೇಳುತ್ತಿಲ್ಲ. ಹಾಗೇ ಬಾಯಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು.

ಆದರೆ ಈ ಹಾಳು ಮೂಗು ಇದೆಯಲ್ಲ, ನನ್ನನ್ನು ಕೇಳದೆಯೇ ಪ್ಲೇಟಿನ ಕಡೆ ಬಗ್ಗಿತು. ಒಂದೇ ಒಂದು ಸಲ. ತಲೆ ಎತ್ತಿದರೆ ಎದುರಿಗೆ ಸುಜಾತ ನೀರಿನ ಲೋಟ ಹಿಡಿದು ನಿಂತಿದ್ದಳು.

"ಬಳ್ಳೊಳ್ಳಿ ಹಾಕಿಲ್ರಿ ಅಮ್ಮಾ" ಅಂದಳು. "ಮೀಟರ್ ತರಿಸ್ಲೇನು?"