ನಡುಮನೆಗೆ ಬಂದ ಗೋಡೆ

ಬಡಗಿಗೆ ಮೊದಲೆಲ್ಲ ಬಾಗಿಲುಗಳ ಕೆಲಸವೇ ಹೆಚ್ಚು. ಮನೆ ಕಟ್ಟಿಸುವವರು ಮರ ತೋರಿಸಿ ಅಳತೆ ಕೊಡುತ್ತಿದ್ದರು. ಚೌಕಟ್ಟು ನಿಲ್ಲಿಸುವ ದಿನ ಮನೆಮಂದಿಯೆಲ್ಲ ಬಂದು ನೋಡುತ್ತಿದ್ದರು. ಬರಬರುತ್ತ ಕಟ್ಟಿಸುವವರು ಕಡಿಮೆಯಾದರು, ಬಾಡಿಗೆಗೆ ಬರುವವರು ಹೆಚ್ಚಾದರು. ತಾನೇ ಬಾಗಿಲು ಕೂರಿಸಿದ್ದ ಮನೆಗಳೊಳಗೆ ಹೋಗಿ, ಒಂದು ಕೋಣೆಯನ್ನು ಮೂರು ಮಾಡುವ ಪ್ಲೈವುಡ್ ಗೋಡೆ ನಿಲ್ಲಿಸುವುದೇ ಅವನ ಕಸುಬಾಯಿತು. ಅಂಥ ಮನೆಗಳನ್ನು ಕೊಂಡು ಹೋಳು ಮಾಡುತ್ತಿದ್ದವನಿಗೆ ಬೀದಿಯವರು ಭಾಗಾಕಾರ ಎಂದು ಹೆಸರಿಟ್ಟಿದ್ದರು.

ಬಡಗಿಯ ಮನೆ ಅವನ ಅಪ್ಪ ಕಟ್ಟಿಸಿದ್ದು. ಹೆಂಡತಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಆದರೂ ಮುಂದಿನ ಕೋಣೆಯ ಮಂಚದಿಂದ ಎದ್ದು, ಗೋಡೆಗೆ ಬೆರಳು ತಾಗಿಸಿಕೊಂಡು ನಡುಮನೆ ದಾಟಿ, ಅಡುಗೆಮನೆ ಸೇರಿ ತಾನೇ ಒಲೆ ಹಚ್ಚುತ್ತಿದ್ದಳು. ಬೇರೆಲ್ಲಿಗೆ ಹೋದರೂ ಅವಳನ್ನು ನಡೆಸಿಕೊಂಡು ಹೋಗಬೇಕಿತ್ತು, ಇಲ್ಲಿ ಬೇಕಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ತಮ್ಮ ಪಾಲು ಕೇಳಿದ.

“ನನ್ನ ಪಾಲಿಗೆ ಅಡುಗೆಮನೆ ಕಿತ್ಕೊಂಡು ಹೋಗ್ಲಾ ಅಣ್ಣ? ನಾನು ಇನ್ನೂ ಬಾಡಿಗೆ ಮನೇಲೇ ಕೊಳೀತಿದ್ದೀನಿ.”

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಪಾಲನ್ನು ಕೊಳ್ಳುವ ಶಕ್ತಿ ಬಡಗಿಗೂ ಇರಲಿಲ್ಲ. ಮನೆ ಭಾಗಾಕಾರನಿಗೆ ಹೋಯಿತು. ತಾವಿಬ್ಬರೂ ಅಲ್ಲೇ ಬಾಡಿಗೆಗೆ ಇರಬೇಕು ಎಂಬ ಒಂದೇ ಮಾತನ್ನು ಬಡಗಿ ಹಿಡಿದು ಕೂತಿದ್ದ, ಅವನೂ ಒಪ್ಪಿದ್ದ. ಕ್ರಯ ಮುಗಿದ ಮೇಲೆ ಭಾಗಾಕಾರ ಬಂದು ನಿಂತ.

“ಮುಂದಿನ ಕೋಣೆ ನಿಮಗೆ. ನಡುಮನೆಗೆ ಅಡ್ಡ ಒಂದು ಗೋಡೆ ಹಾಕಿದ್ರೆ ಹಿಂದೆ ಇನ್ನೊಂದು ಸಂಸಾರ. ಬೇರೆ ಬಡಗಿ ಯಾಕೆ ಮೇಸ್ತ್ರಿ, ನೀವೇ ಇದ್ದೀರಲ್ಲ!”

“ಅಡುಗೆಮನೆ ಕಡೆಗೊಂದು ಬಾಗಿಲು ಇಟ್ಕೊಳ್ಳಲಾ? ಅವಳಿಗೆ...”

“ಬೇರೆಯವರ ಸಂಸಾರದೊಳಕ್ಕೆ ಬಾಗಿಲಾ? ಚೆನ್ನಾಗಿದೆ ಕಣ್ರೀ! ಮೂಲೇಲಿ ಒಂದು ಸ್ಟೌ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಹೇಳಿ, ಜನ ಸಾಲುಗಟ್ಟಿ ನಿಂತಿದ್ದಾರೆ.”

ಬಡಗಿ ಹೆಂಡತಿಯನ್ನು ಅವಳ ಅಕ್ಕನ ಮನೆಗೆ ಕಳಿಸಿದ. “ರಿಪೇರಿ ಕೆಲಸ, ಧೂಳು ಜಾಸ್ತಿ,” ಎಂದ. ಮನೆ ಮಾರಿದ್ದು ಅವಳಿಗೆ ಗೊತ್ತಿತ್ತು. ಗೋಡೆಯ ವಿಷಯ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಾಡಿಗೆಯ ಗೋಡೆಗೆ ಯಾರೂ ಮಾಡದ ಒಂದು ಕೆಲಸವನ್ನು ಮಾತ್ರ ಮಾಡಿದ: ಅವಳ ಕೈ ತರಚದಿರಲೆಂದು ಮರದ ಪಟ್ಟಿಗಳ ಅಂಚನ್ನೆಲ್ಲ ಗುಂಡಗೆ ಉಜ್ಜಿ ನಯಮಾಡಿದ.

ಅವಳು ಮರಳಿ ಬರುವಷ್ಟರಲ್ಲಿ ಹಿಂದಿನ ಭಾಗಕ್ಕೆ ಜನ ಬಂದಾಗಿತ್ತು.

“ಅಕ್ಕ ಕೂತಲ್ಲಿಂದ ಏಳೋಕೆ ಬಿಟ್ರೆ ಕೇಳಿ! ನಾನೇನು ಅಲ್ಮೇರಾದಲ್ಲಿಡೋ ಗೊಂಬೇನಾ? ನೀವು ಕೂತ್ಕೊಳ್ಳಿ, ಟೀ ಮಾಡ್ತೀನಿ.”

ಅವನು ಬಾಯಿ ತೆರೆಯುವುದರೊಳಗೆ ಸರಸರನೆ ಹೊರಟಳು. ಹಣೆ ಮರಕ್ಕೆ ಬಡಿಯಿತು.

ಎರಡೂ ಅಂಗೈ ಊರಿ ನಿಂತಳು. ಆಚೆ ಯಾವುದೋ ಮಗು ಕೆಮ್ಮಿತು. ಅವಳ ಬೆರಳು ಪಟ್ಟಿಯ ಅಂಚನ್ನು ಮೆಲ್ಲಗೆ ಸವರಿತು.

“ಇದು ನಿಮ್ಮ ಕೈಕೆಲಸ ಅಲ್ವೇನ್ರಿ?”

“ಹೂಂ.”

“ಬಾಗಿಲು ಯಾವ ಕಡೆ ಇಟ್ಟಿದ್ದೀರಿ?”

ಅವಳು ಈ ತುದಿಯಿಂದ ಆ ತುದಿಗೆ ಕೈಯಾಡಿಸಿಕೊಂಡು ಹೋದಳು. ಮತ್ತೆ ಅಷ್ಟನ್ನೂ ತಡವಿಕೊಂಡು ಬಂದಳು.

“ಮಂಚದ ಹತ್ರ ಕರ್ಕೊಂಡು ಹೋಗಿ,” ಎಂದಳು. “ನನಗೆ ದಿಕ್ಕು ತಪ್ಪಿಹೋಯ್ತು.”